ಹುಚ್ಚಮ್ಮನ ಮನೆ ಯಾರಿಗೆ

೧೨ ಜೂನ್ ೨೦೦೫, ಬೆಳಿಗ್ಗೆ

ನಲ್ಲಿ ನೀರು ಇಂದೂ ತಡ. ಕೆಳಗಿನ ಸಾಲಿನವರು ಮೊದಲು ಹಿಡಿದರೆಂದು ಮೇಲಿನ ಸಾಲಿನವರ ಜಗಳ. ಸಂಘದ ಅಧ್ಯಕ್ಷೆ ಎಂದರೆ ಇದೇ — ಮುಖ ತೊಳೆಯುವ ಮೊದಲೇ ಪಂಚಾಯ್ತಿ. ಬಿಡಿಸಿ ಬರುವಷ್ಟರಲ್ಲಿ ದೋಸೆ ಕರಕಲು.

ಹುಚ್ಚಮ್ಮ ಹೊರಟರು. ಮೊಣಕಾಲು ನೋವು, ಒಬ್ಬರೇ ಇರಲಾಗುವುದಿಲ್ಲ. ಹೊರನಾಡಿನಲ್ಲಿ ತಂಗಿಯ ಹತ್ತಿರ ಇರುತ್ತಾರಂತೆ. ಬೀಗದಕೈ ನನಗೆ ಕೊಟ್ಟು ಅತ್ತರು. ಈ ಕಾಲೊನಿ ಹುಟ್ಟಿದ್ದೇ ಅವರ ಗಂಡ ಕೆಂಪಯ್ಯನವರಿಂದ. ಎಸ್ಟೇಟಿನವರು ಕೂಲಿ ಲೈನಿನ ಮನೆಗಳನ್ನು ಖಾಲಿ ಮಾಡಿಸಿದಾಗ ನಮ್ಮನ್ನೆಲ್ಲ ಚಿಕ್ಕಮಗಳೂರಿಗೆ ಕರೆತಂದು, ಎಲ್ಲರಿಂದ ದುಡ್ಡು ಕೂಡಿಸಿ, ಪೇಟೆಯ ಅಂಚಿನ ಈ ಗುಡ್ಡದ ಓರೆಯನ್ನು ಸಂಘದ ಹೆಸರಿಗೆ ಕೊಂಡವರು. "ಗೋಡೆ ನಿಮ್ದು, ನೆಲ ಎಲ್ರದ್ದು. ಹೋಗೋರು ಸಂಘಕ್ಕೆ ಬಿಟ್ಟು ಹೋಗ್ಬೇಕು, ಹೊರಗಿನೋರಿಗೆ ಮಾರಂಗಿಲ್ಲ" ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೂ ಹಾಗೇ ನಡೆದಿದೆ.

ಖಾಲಿಯಾದ ಮನೆ ಸರದಿಯಲ್ಲಿ ಮೊದಲಿರುವವರಿಗೆ. ಅಂದರೆ ಗಾರೆ ಕೆಲಸದ ತಮ್ಮಯ್ಯನಿಗೆ. ಹೆಂಡತಿ ಗುಲಾಬಿ, ಇಬ್ಬರು ಮಕ್ಕಳು. ಬಸ್ ಸ್ಟ್ಯಾಂಡ್ ಹಿಂದೆ ತಗಡಿನ ಶೆಡ್ಡಿನಲ್ಲಿದ್ದಾರೆ. ಮಳೆ ಬೇರೆ ಶುರುವಾಯಿತು.

೧೫ ಜೂನ್, ಸಂಜೆ

ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಬಂದರೆ ಬಾಗಿಲಲ್ಲಿ ಮಗಳು ಧನ್ಯ. ಮೂಡಿಗೆರೆಯಿಂದ ಒಬ್ಬಳೇ, ಮಗುವನ್ನು ಎತ್ತಿಕೊಂಡು. ತುಟಿ ಒಡೆದಿದೆ. ಅಳಿಯ ಹೊಡೆದಿದ್ದಾನೆ. ಮೊದಲ ಸಲವಲ್ಲ ಎಂದು ಈಗ ಹೇಳುತ್ತಾಳೆ.

ನಮ್ಮದು ಒಂದೇ ಕೋಣೆ, ಅಡುಗೆಮನೆ. ಅತ್ತೆ ಹಾಸಿಗೆ ಹಿಡಿದು ವರ್ಷವಾಯಿತು. ಮಗಳಿಗೂ ಮಗುವಿಗೂ ಅಡುಗೆಮನೆಯಲ್ಲೇ ಚಾಪೆ ಹಾಸಿದೆ. ಏನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಅತ್ತುಬಿಡುತ್ತೇನೋ…

೧೬ ಜೂನ್

ಇವರು ಬಾಡಿಗೆ ಓಡಿಸಿ ಬಂದು, ಜೀಪು ತೊಳೆಯುತ್ತ ಮಾತು ತೆಗೆದರು.

"ಹುಚ್ಚಮ್ಮನ ಮನೆ ಖಾಲಿ ಇದೆಯಲ್ಲ ಮಾರಾಯ್ತಿ. ಧನ್ಯಂಗೆ ಕೊಡ್ಸು."

"ಸರದಿ ತಮ್ಮಯ್ಯಂದು."

"ಅಧ್ಯಕ್ಷೆ ಯಾರು? ನೀನಾ, ತಮ್ಮಯ್ಯನಾ?"

"ಅಧ್ಯಕ್ಷೆ ಆಗಿರೋದಕ್ಕೇ ಆಗಲ್ಲ."

ಬಕೆಟ್ ಒದ್ದು ಎದ್ದು ಹೋದರು. ಧನ್ಯ ಕಿಟಕಿಯ ಹತ್ತಿರವೇ ಇದ್ದಳು.

೧೯ ಜೂನ್, ಮಧ್ಯಾಹ್ನ

ಮೀಟಿಂಗ್ ಆಯಿತು. ಕಾರ್ಯದರ್ಶಿ ಓಂಕಾರಪ್ಪನವರೇ ಕೇಳಿದರು, "ಹೂವಕ್ಕ, ನಿಮ್ಮ ಮಗಳ ಕಷ್ಟ ಎಲ್ರಿಗೂ ಗೊತ್ತು. ನೀವು ಬಾಯಿಬಿಟ್ಟು ಕೇಳಿದ್ರೆ ಇಲ್ಲಿ ಯಾರೂ ಬೇಡ ಅನ್ನಲ್ಲ."

ನಿಜ. ಯಾರೂ ಅನ್ನುತ್ತಿರಲಿಲ್ಲ. ಅದಕ್ಕೇ ಕೇಳಲಾಗಲಿಲ್ಲ. ಇಂದು ನನ್ನ ಮಗಳಿಗೆ ಎಂದರೆ ನಾಳೆ ಇನ್ನೊಬ್ಬರ ತಮ್ಮನಿಗೆ, ಆಮೇಲೆ ಕೈ ಬಿಸಿ ಮಾಡಿದವನಿಗೆ. ಶೆಡ್ಡಿನಲ್ಲಿರುವವರು ಅಲ್ಲೇ.

ತಮ್ಮಯ್ಯನಿಗೆ ಬೀಗದಕೈ ಕೊಟ್ಟೆ. ಕಾಲಿಗೆ ಬೀಳಲು ಬಂದ. ತಡೆದೆ. ಗುಲಾಬಿ ಮಾತ್ರ ಸುಮ್ಮನೆ ನನ್ನ ಮುಖವನ್ನೇ ನೋಡುತ್ತಿದ್ದಳು.

೨೧ ಜೂನ್

ಕೆಲಸದಿಂದ ಬರುವಷ್ಟರಲ್ಲಿ ಧನ್ಯ ಹೋಗಿಬಿಟ್ಟಿದ್ದಾಳೆ. ಅಳಿಯ ಬಂದಿದ್ದನಂತೆ, ನಮ್ಮ ಅತ್ತೆಯ ಮುಂದೆ ಆಣೆ ಪ್ರಮಾಣ ಮಾಡಿದನಂತೆ. "ಇಲ್ಲಿ ನಂಗೆ ಜಾಗ ಎಲ್ಲಿದೆ ಅಜ್ಜಿ" ಎಂದಳಂತೆ.

ಇವರು ನನ್ನೊಂದಿಗೆ ಮಾತು ಬಿಟ್ಟರು.

೪ ಸೆಪ್ಟೆಂಬರ್

ಗೌರಿ ಹಬ್ಬಕ್ಕೆ ಬಾಗಿನ ಕಳಿಸಿದೆ. ಹಾಗೇ ವಾಪಸ್ ಬಂತು. ಮಗಳು ಕಳಿಸಿದಳೋ, ಅವನು ಕಳಿಸಿದನೋ — ತಿಳಿಯುವುದು ಹೇಗೆ.

೯ ಏಪ್ರಿಲ್ ೨೦೦೬, ಬೆಳಿಗ್ಗೆ

ತಮ್ಮಯ್ಯ ಬಂದ. ಜೊತೆಗೆ ಚನ್ನಕೇಶವ ಎಂಬವರು. ಬಿಳಿ ಕಾರು. ಬೆಟ್ಟ ನೋಡಲು ಬರುವವರಿಗೆ ಲಾಡ್ಜ್ ಕಟ್ಟುತ್ತಾರಂತೆ. ನಮ್ಮ ಓರೆಯಿಂದ ಮುಳ್ಳಯ್ಯನಗಿರಿ ಕಾಣುತ್ತದಲ್ಲ, ಅದು ಬೇಕು ಅವರಿಗೆ. ನೆಲವನ್ನು ಸೈಟುಗಳಾಗಿ ಒಡೆದು ಅವರವರ ಹೆಸರಿಗೆ ಮಾಡಿಕೊಂಡರೆ ಎಲ್ಲವನ್ನೂ ಕೊಳ್ಳುತ್ತಾರೆ.

ಅವರು ಕಾರಿಗೆ ಹೋದ ಮೇಲೆ ತಮ್ಮಯ್ಯನನ್ನು ನಿಲ್ಲಿಸಿಕೊಂಡೆ.

"ಮನೆ ಸಿಕ್ಕಿ ವರ್ಷ ಆಗಿಲ್ಲ ಮಾರಾಯ."

"ಮನೆ ಕೊಟ್ರಿ ಹೂವಕ್ಕ, ಇಲ್ಲ ಅನ್ನಲ್ಲ. ಮಾರೋ ಹಕ್ಕಿಲ್ದಿದ್ರೆ ಅದು ಎಂಥಾ ಮನೆ? ಅಕ್ಕಪಕ್ಕದೋರು ಮೂರು ಅಂತಸ್ತು ಎಬ್ಬಿಸಿದ್ರು. ನಾವು ಬದುಕಿಡೀ ನೆಲ ಇಲ್ದ ಮನೆಯೋರು."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

೨೩ ಏಪ್ರಿಲ್

ಅರ್ಧ ಕಾಲೊನಿ ಅವನ ಕಡೆ. ಇವರೂ. ತಿಂಗಳುಗಟ್ಟಲೆ ಆದ ಮೇಲೆ ಇವರು ನನ್ನೊಂದಿಗೆ ಆಡಿದ ಮೊದಲ ಮಾತು — "ಈಗಲಾದ್ರೂ ಮಗಳಿಗೆ ಏನಾದ್ರೂ ಮಾಡೋಣ."

೭ ಮೇ, ಸಂಜೆ

ಮೀಟಿಂಗ್. ಮೂರರಲ್ಲಿ ಎರಡು ಪಾಲು ಕೈ ಎದ್ದರೆ ನೆಲ ಹೋದಂತೆ. ಸಮಾಧಾನವಾಗಿ ಮಾತಾಡಬೇಕೆಂದೇ ಹೋಗಿದ್ದೆ. ತಮ್ಮಯ್ಯ ಎದ್ದು, "ಕೆಂಪಯ್ಯನ ಕಾಲ ಮುಗೀತು" ಎಂದ. ನನ್ನ ನಾಲಿಗೆ ಜಾರಿತು.

"ನನ್ನ ಮಗಳನ್ನ ಹೊಡೆಯೋನ ಹತ್ರ ಕಳಿಸಿ ನಿಂಗೆ ಕೊಟ್ಟೆನಲ್ಲೋ ಆ ಮನೆ!"

ಎಲ್ಲರ ಮುಂದೆ. ಭಿಕ್ಷೆ ಹಾಕಿ ಲೆಕ್ಕ ಒಪ್ಪಿಸಿದ ಹಾಗೆ. ಅವನ ತಲೆ ಬಗ್ಗಿತು. ಅವನ ಸರದಿ, ಅವನ ಹಕ್ಕು ಅದು — ನಾನು ಕೊಟ್ಟದ್ದಲ್ಲ. ಬಾಯಿಂದ ಬಿದ್ದದ್ದನ್ನು ಹೆಕ್ಕಲಾದೀತೆ.

ಕೈ ಎತ್ತಿರೆಂದು ಓಂಕಾರಪ್ಪನವರು ಹೇಳಿದರು. ಎದ್ದವು, ಒಂದರ ಹಿಂದೆ ಒಂದು. ಇವರದೂ. ಗುಲಾಬಿಯ ಕೈ ಮಾತ್ರ ಮಡಿಲಲ್ಲೇ. ತಮ್ಮಯ್ಯ ತಿವಿದ. ಅವಳು ಎದ್ದು ನಿಂತಳು.

"ಮಳೆ ಸುರಿಯೋವಾಗ ಮಕ್ಕಳ ತಲೆ ಮೇಲೆ ಗೋಣಿ ಹಿಡ್ಕೊಂಡು ಕೂತಿದ್ದು ನಾನು, ಇವ್ರಲ್ಲ. ನಾವು ಬಿಟ್ಟು ಬಂದ ಶೆಡ್ಡಲ್ಲಿ ಈಗ ಇನ್ಯಾರೋ ಇದಾರೆ. ಅವ್ರ ಸರದಿ ತಿಂದು ನಾನು ಹೋಗಲ್ಲ."

ಹಿಂದಿನ ಸಾಲಿನ ಹೆಂಗಸರ ಕೈಗಳು ಒಂದೊಂದಾಗಿ ಇಳಿದವು. ಮಾರಬೇಕೆಂದವರಿಗೆ ಕೈ ಸಾಲಲಿಲ್ಲ. ನೆಲ ಉಳಿಯಿತು.

ಖುಷಿ ಏಕೋ ಬರಲಿಲ್ಲ. ಗುಲಾಬಿ ಮನೆಗೆ ಹೋಗಿ ಏನು ಅನುಭವಿಸುತ್ತಾಳೋ.

೮ ಮೇ, ಬೆಳಿಗ್ಗೆ

ಗುಲಾಬಿ ನಲ್ಲಿಯ ಹತ್ತಿರ ಸಿಕ್ಕಳು. ತಮ್ಮಯ್ಯ ಏನೂ ಅನ್ನಲಿಲ್ಲ, ಊಟ ಮಾಡದೆ ಮಲಗಿದನಂತೆ. "ಮಗಳನ್ನ ಕರ್ಕೊಂಡು ಬನ್ನಿ ಹೂವಕ್ಕ. ಯಾಕೆ ಕಾಯ್ತೀರಿ?"

ತಮ್ಮಯ್ಯನ ಬಾಗಿಲಿಗೆ ಹೋಗಿ, ತಪ್ಪು ಮಾತಾಡಿದೆ ಎಂದೆ. ಆಯ್ತು ಎಂದ. ಕೂರಿ ಎನ್ನಲಿಲ್ಲ.

೯ ಮೇ

ಮೂಡಿಗೆರೆಗೆ ಹೋಗಬೇಕು ಎಂದೆ. ಇವರು ಕೂಡಲೇ ಜೀಪು ತೆಗೆದರು.

ಬಾಗಿಲು ತೆರೆದದ್ದು ಧನ್ಯಳೇ. ಎಡಗೈಗೆ ಪ್ಲಾಸ್ಟರ್. ನೋಡಿದವರೇ ಇವರು ಒಳಗೆ ನುಗ್ಗಿದರು. ಅಳಿಯ ಇರಲಿಲ್ಲ — ಪುಣ್ಯ, ಯಾರದೋ.

"ಹೊರಡು" ಎಂದೆ.

"ಎಲ್ಲಿಗೆ? ಯಾವ ಮನೆ ಖಾಲಿ ಆಯ್ತು?"

"ನಮ್ಮ ಮನೆಗೆ."

"ಹುಚ್ಚಮ್ಮಜ್ಜಿ ಮನೆ ಕೊಡ್ಲಿಲ್ಲ ಅಂತ ನಂಗೆ ಸಿಟ್ಟಿಲ್ಲಮ್ಮ. ಅದು ಸರಿಯೇ. ನಮ್ಮ ಮನೇಲೇ ಇರು ಅಂತ ಒಂದು ಮಾತು ಅಂದ್ಯಾ ನೀನು?"

ಹೇಳಬೇಕಿತ್ತೇ ಅದನ್ನು? ಚಾಪೆ ಹಾಸಿಕೊಟ್ಟೆನಲ್ಲ. ಹೇಳಿದಂತೆಯೇ ಎಂದುಕೊಂಡಿದ್ದೆ.

"ಇರು" ಎಂದೆ, ಅಲ್ಲೇ ಬಾಗಿಲಲ್ಲಿ. ಮಗುವಿನ ಬಟ್ಟೆ ಕಟ್ಟಿಕೊಂಡಳು.

೧೦ ಮೇ, ಬೆಳಿಗ್ಗೆ

ಅಡುಗೆಮನೆಯಲ್ಲಿ ಇಬ್ಬರೂ ಇನ್ನೂ ಮಲಗಿದ್ದಾರೆ. ಒಲೆ ಹಚ್ಚಲು ದಾರಿ ಇಲ್ಲ. ಇವರು ಹೊರಗೆ ಮೂರು ಕಲ್ಲು ಹೂಡಿ ಕಾಫಿಗೆ ನೀರಿಟ್ಟಿದ್ದಾರೆ. ಅತ್ತೆಗೂ ಒಂದು ಲೋಟ ಎಂದರು. ನನ್ನ ಕಡೆ ನೋಡಿಯೇ.

ಸರದಿಗೆ ನಿನ್ನ ಹೆಸರು ಕೊಡಲೇ ಎಂದು ಕೇಳಿದ್ದೆ ಧನ್ಯಳನ್ನು, ಜೀಪಿನಲ್ಲಿ. ಆಮೇಲೆ ನೋಡೋಣ ಎಂದಳು. ಎಷ್ಟು ದಿನ ಇರುತ್ತೀ ಎಂದು ನಾನು ಕೇಳುವುದಿಲ್ಲ. ಅವಳು ಎದ್ದ ಕೂಡಲೇ ಇನ್ನೊಮ್ಮೆ ಹೇಳಬೇಕು, ಇದು ನಿನ್ನ…

ಮಗು ಎದ್ದಿತು —