ಕಲ್ಲಿನವನ ಎಡೆ

ಹೊಸನಗರ
24-10-2024

ಮೇಘನಾಳಿಗೆ ದೊಡ್ಡಮ್ಮನ ಆಶೀರ್ವಾದ.

ಆಶೀರ್ವಾದವನ್ನು ಮೊದಲೇ ಬರೆದುಬಿಟ್ಟೆ. ಕೊನೆಯವರೆಗೆ ನನ್ನ ತಾಳ್ಮೆ ಉಳಿಯುತ್ತದೋ ಇಲ್ಲವೋ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ದೊಡ್ಡಪ್ಪ ಪಕ್ಕದಲ್ಲೇ ಕಿವಿ ಇಟ್ಟುಕೊಂಡು ಕೂರುತ್ತಾರೆ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪು ಹುಡುಕುತ್ತಾ ಕೂರಬೇಡ.

ಹಳೇ ಕಾಲದ ಯುದ್ಧಗಳ ಬಗ್ಗೆ ಪುಸ್ತಕ ಬರೆಯುತ್ತೇನೆ ಎಂದೆ, ಬರಿ ಎಂದೆವು. ಗದ್ದೆ ಅಂಚಿನ ವೀರಗಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಲ್ಲಿ ಬಡಿದು, ಮಸಿ ಹಚ್ಚಿ ನೀನು ಅಕ್ಷರ ತೆಗೆಯುವಾಗ ನೀರು ಹೊತ್ತವಳು ನಾನೇ. ಆ ಕಲ್ಲಿನಲ್ಲಿರುವ ನಮ್ಮ ಮನೆತನದ ಅಜ್ಜ ಪುಸ್ತಕದಲ್ಲಿ ಬರುತ್ತಾನೆ ಎಂದು ದೊಡ್ಡಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದರು. ಹೋದ ಭಾನುವಾರ ನೀನು ಸಾಗರದಿಂದ ಫೋನು ಮಾಡಿ, ಅವನು ನಮ್ಮವನೇ ಅಲ್ಲ, ನಮ್ಮೂರಿನ ದನ ಹೊಡೆದುಕೊಂಡು ಹೋಗಲು ಬಂದ ದಂಡಿನವನು, ನಮ್ಮವರ ಕೈಯಲ್ಲೇ ಸತ್ತವನು, ಕಲ್ಲು ನೆಟ್ಟಿದ್ದು ಅವನ ತಮ್ಮ ಎಂದುಬಿಟ್ಟೆ. ದೀಪಾವಳಿ ಕಳೆಯುವವರೆಗಾದರೂ ಬಾಯಿ ಮುಚ್ಚಿಕೊಂಡಿರಲು ನಿನಗೇನಾಗಿತ್ತು?

ಅವತ್ತಿನಿಂದ ಈ ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲಾಗುತ್ತಿಲ್ಲ. ದೊಡ್ಡಪ್ಪ ಊಟದ ನಡುವೆ ಎದ್ದುಹೋಗಿ ಕಲ್ಲಿಗೆ ಬೈದು ಬರುತ್ತಾರೆ. “ದನ ಕದಿಯಾಕ್ ಬಂದೋನಿಗೆ ನಮ್ಮನೆ ಕೋಳಿನಾ? ಇಷ್ಟ್ ವರ್ಷ ತಿಂದಿದ್ದು ಸಾಕು” ಎಂದರು. “ಅವ್ನು ಎಲ್ಲಿ ತಿಂದ? ಎಡೆ ಇಟ್ಟಿದ್ದನ್ನೆಲ್ಲ ತಿಂದೋರು ನೀವೇ ಅಲ್ವಾ” ಎಂದೆ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಮಂಗಳವಾರ ಜೆಸಿಬಿ ಓಡಿಸುವ ದುರ್ಗೇಶನಿಗೆ ಹೇಳಿ ಜೆಸಿಬಿ ತರಿಸಿಯೇಬಿಟ್ಟರು, ಕಲ್ಲು ಕಿತ್ತು ಹಳ್ಳಕ್ಕೆ ನೂಕಲು.

ಅದು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಹೇಗೆ ಎಂದು ಕೇಳಬೇಡ. ಕಲ್ಲು ನಿಂತಿದೆ.

ಈ ಮನೆಗೆ ಬಂದಾಗಿನಿಂದ ಹಬ್ಬದ ದಿನ ಹಿರಿಯರ ಸಾಲಿನಲ್ಲಿ ಅವನಿಗೂ ಒಂದು ಎಲೆ ಹಾಕಿ, ಕಡುಬು, ಸಾರು ಬಡಿಸಿದ್ದೇನೆ. ಪೂರ್ಣೇಶನ ಹೆರಿಗೆ ಕಷ್ಟವಾದಾಗ ನಾನು ಕೂಗಿಕೊಂಡಿದ್ದು ಅವನನ್ನೇ. ನಮ್ಮವರು ಕೊಂದವನ ಹತ್ತಿರ ನನ್ನ ಮಗನನ್ನು ಉಳಿಸಿಕೊಡು ಎಂದು ಬೇಡಿದ್ದೆನಲ್ಲ ಎಂದು ನೆನೆದರೆ ಒಲೆಯ ಮುಂದೆ ನಿಲ್ಲಲಾಗುತ್ತಿಲ್ಲ, ಅಂಗಳಕ್ಕೆ ಬಂದರೆ ಕಲ್ಲು ಕಾಣುತ್ತದೆ.

ನಿನ್ನ ಪುಸ್ತಕದಿಂದ ಅವನನ್ನು ತೆಗೆದುಹಾಕು ಎಂದು ಬರೆಯಲೆಂದೇ ಕೂತೆ. ಕೈ ಬರುತ್ತಿಲ್ಲ. ಅಣ್ಣನನ್ನು ಕೊಂದವರ ಊರಿಗೇ ಮತ್ತೆ ಬಂದು ಆ ತಮ್ಮ ಕಲ್ಲು ನೆಟ್ಟು ಹೋಗಿದ್ದಾನೆ. ಅದನ್ನು ಅಳಿಸು ಎನ್ನಲು ನಾನ್ಯಾರು? ಏನು ಬೇಕಾದರೂ ಬರೆದುಕೋ. ಹಬ್ಬಕ್ಕೆ ಮಾತ್ರ ತಪ್ಪಿಸಬೇಡ.

ಇಂತಿ ನಿನ್ನ ದೊಡ್ಡಮ್ಮ,
ದುಗ್ಗಮ್ಮ

ಮತ್ತೊಂದು ಮಾತು: ಮೇಘನಾ ಪುನಃ ಫೋನು ಮಾಡಿದ್ದಳು, ಓದಿದ್ದು ತಪ್ಪಾಗಿತ್ತಂತೆ, ಅವನು ನಮ್ಮ ಅಜ್ಜನೇ ಅಂತೆ ಎಂದು ಜೆಸಿಬಿ ಮುಂದೆ ನಿಂತು ದೊಡ್ಡಪ್ಪನಿಗೆ ಹೇಳಿದ್ದೇನೆ. ಕೇಳಿದರೆ ಹೌದು ಅನ್ನು. ಪುಸ್ತಕದಲ್ಲಿ ನಿಜವೇ ಇರಲಿ. ಓದಿದವರು ಬಂದು ಹೇಳುವಷ್ಟರಲ್ಲಿ ದೊಡ್ಡಪ್ಪನ ಸಿಟ್ಟು ಇಳಿದಿರುತ್ತದೆ. ನನ್ನ ಬಾಯಲ್ಲಿ ಮಾತ್ರ ಇನ್ನು ಅಜ್ಜ ಅಂತ ಬರುವುದಿಲ್ಲ. ಕಲ್ಲಿನಲ್ಲಿ ಅವನ ಹೆಸರಿದ್ದರೆ ಹಬ್ಬದೊಳಗೆ ಬರೆದು ಕಳಿಸು, ಎಡೆ ಇಟ್ಟು ಕರೆಯಬೇಕು.