ನೀಲಾಂಬಿಕಜ್ಜಿಯ ಮಡಚದ ಕಾಲು

ದಾವಣಗೆರೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ನಲವತ್ತೊಂದು

ಪೂಜ್ಯ ನೀಲಾಂಬಿಕಜ್ಜಿಗೆ, ನಿಮ್ಮ ಮರಿಮಗಳ ಮೊಮ್ಮಗಳಾದ ಮಂದಾರೆಯ ನಮಸ್ಕಾರಗಳು. ತಾರೀಖು ತಪ್ಪಿಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಈ ಕಾಗದ ಹಿಂದಕ್ಕೆ ಸಾಗಿ ನಿಮ್ಮ ಕಾಲ ತಲುಪುವಾಗ, ಮಂಡಿ ಬದಲಿಸಿಕೊಂಡು ನೀವು ಆಸ್ಪತ್ರೆಯಿಂದ ಮನೆಗೆ ಬಂದು ವಾರವಾಗಿರಬೇಕು. ಡಾಕ್ಟರು ಬರೆದುಕೊಟ್ಟ ನೋವಿನ ಗುಳಿಗೆಯನ್ನು ನುಂಗದೆ ಎಲೆಅಡಿಕೆ ಸಂಚಿಗೆ ಸೇರಿಸುತ್ತಿದ್ದೀರಿ. ಮಾತಾಡಿಸಲು ಬಂದವರು ಮೂಸಂಬಿ ಚೀಲ ಕೆಳಗಿಡುವ ಮೊದಲೇ ನಿಮ್ಮ ನಾದಿನಿ ಗಂಗವ್ವ "ನಮ್ಮ ನೀಲಕ್ಕ ಒಂದು ಗುಳಿಗಿ ಮುಟ್ಟಿಲ್ಲ ನೋಡ್ರಿ!" ಎಂದು ಸಾರುತ್ತಾರೆ. ಬಂದವರು ತಲೆದೂಗುತ್ತಾರೆ, ನೀವು ಹಲ್ಲು ಕಚ್ಚಿಕೊಂಡು ನಗುತ್ತೀರಿ. ಆಮೇಲೆ ವ್ಯಾಯಾಮ ಮಾಡಿಸುವವಳು ಬಂದರೆ, ಇವತ್ತು ಆಗುವುದಿಲ್ಲ, ನಾಳೆ ಬಾ ಎಂದು ಕಳಿಸುತ್ತೀರಿ. ನೋವು ತಗ್ಗಿದರೆ ತಾನೇ ಮಂಡಿ ಮಡಚುವುದು? ಅಷ್ಟು ಜನರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವೇ? ನೆನೆದರೆ ಮೈ ಉರಿಯುತ್ತದೆ.

ಇಲ್ಲಿ ಹೊಸ ಮಂಡಿಯವರು ಕೆಲವು ವಾರ ನಡಿಗೆಮನೆಯಲ್ಲಿ ಇರುತ್ತಾರೆ. ಗೋಡೆಯುದ್ದಕ್ಕೂ ಹಿಡಿಕೆಗಳಿರುವ ಮನೆ ಅದು. ಬೆಣ್ಣೆದೋಸೆ ವಾಸನೆಗಾದರೂ ಜನ ಮಂಚ ಬಿಟ್ಟು ಏಳಲಿ ಎಂದು ಅಡುಗೆಮನೆಯನ್ನು ದೂರದ ತುದಿಗೆ ಕಟ್ಟಿದ್ದಾರೆ. ಪ್ರತಿ ಮಂಚಕ್ಕೂ ಒಂದು ನೋವುದೀಪ, ಅಂದರೆ ನೋವು ಏರಿದಂತೆ ಕೆಂಪಾಗುವ ದೀಪ. ಕೆಂಪಾದರೆ ದಾದಿ ಔಷಧ ತರುತ್ತಾಳೆ. ಎಷ್ಟೋ ಜನ ತಲೆ ಕೆಡಿಸಿಕೊಂಡು ಮಾಡಿದ ಆ ದೀಪದ ಮೇಲೆ ನನ್ನ ಅವ್ವ ಟವೆಲ್ ಹೊದಿಸಿದ್ದಾಳೆ! ಅವಳಿಗೂ ಹೋದ ವಾರ ಮಂಡಿ ಬದಲಿಸಿದ್ದಾರೆ. ಗುಳಿಗೆ ಮುಟ್ಟದ ನೀಲಾಂಬಿಕಜ್ಜಿಯ ಕತೆಯನ್ನು ಮನೆಯ ಪ್ರತಿ ತೊಟ್ಟಿಲ ಕಾರ್ಯದಲ್ಲೂ ಕೇಳಿ ಬೆಳೆದವಳಿಗೆ, ಔಷಧ ತೆಗೆದುಕೊಂಡರೆ ವಂಶದ ಮಾನ ಹೋಗುತ್ತದಂತೆ. ನಿಮ್ಮ ಮಂಡಿ ಆಮೇಲೆ ಮಡಚಲೇ ಇಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಮೊಮ್ಮಗನ ಮದುವೆಯ ಫೋಟೋದಲ್ಲಿ ನೀವು ಬಲಗಾಲನ್ನು ಕೋಲಿನಂತೆ ಮುಂದೆ ಚಾಚಿ ಕುರ್ಚಿಯಲ್ಲಿ ಕೂತಿದ್ದೀರಿ. ಅದನ್ನು ತೋರಿಸಿ ಎಲ್ಲರೂ ಎಂಥಾ ಗತ್ತು ಎನ್ನುತ್ತಾರೆ. ಮಡಚಲಾಗದ ಕಾಲಿಗೆ ಗತ್ತಂತೆ! ಹೀಗೇ ಹಟ ಹಿಡಿದರೆ ಅವ್ವನ ಮಂಡಿಯೂ ಸೆಟೆದುಹೋಗುತ್ತದೆ ಎಂದು ಡಾಕ್ಟರು ಇವತ್ತು ಹೇಳಿದರು. ನನ್ನ ಮಾತನ್ನು ಅವಳು ಕೇಳುವುದಿಲ್ಲ. ನಿಮ್ಮದನ್ನಾದರೆ ಕೇಳುತ್ತಾಳೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ ಅಜ್ಜಿ. ಡಾಕ್ಟರು ಹೇಳಿದ ಹೊತ್ತಿಗೆ ಗುಳಿಗೆ ನುಂಗಿ, ಮಂಡಿಗೆ ಐಸ್ ಇಟ್ಟುಕೊಳ್ಳಿ, ವ್ಯಾಯಾಮದವಳನ್ನು ವಾಪಸ್ ಕಳಿಸಬೇಡಿ. ನೋಯುತ್ತಿದೆ ಎಂದು ಬಂದವರ ಎದುರಿಗೇ ಹೇಳಿ, ಬೇಕಾದರೆ ಕೂಗಿ. ಗಂಗವ್ವ ಮುಖ ಸಿಂಡರಿಸಿದರೆ ಸಿಂಡರಿಸಲಿ. ಮೊಮ್ಮಗನ ಮದುವೆಯಲ್ಲಿ ಆ ಕಾಲನ್ನು ಮಡಚಿ ಕೂತು ಫೋಟೋ ತೆಗೆಸಿಕೊಳ್ಳಿ. ಅವ್ವ ಆ ಮದುವೆ ಫೋಟೋವನ್ನು ತನ್ನ ಮಂಚದ ಎದುರಿಗೇ ನೇತುಹಾಕಿಸಿಕೊಂಡಿದ್ದಾಳೆ. ನಾಳೆ ಬೆಳಗ್ಗೆ ಅದರಲ್ಲಿ ನಾನು ಮೊದಲು ನೋಡುವುದು ನಿಮ್ಮ ಬಲಗಾಲನ್ನೇ.

ನಿಮ್ಮ ಮಂದಾರೆ