ಅಮಾಲಿಯ ಹೋಟೆಲಿನ ಇಸ್ತ್ರಿ ಕೋಣೆಯ ಫೋಟೊ

ಬುಡಾಪೆಸ್ಟ್
೧೪ ನವೆಂಬರ್ ೧೯೯೪

ಮುದ್ದಿನ ಪಿರಿ,

ನಿನ್ನ ಸೊಂಟನೋವು ಹೇಗಿದೆ? ವಿನಿಪೆಗ್‌ನಲ್ಲಿ ಆಗಲೇ ಹಿಮ ಬಿದ್ದಿರಬೇಕು. ಮೆಟ್ಟಿಲು ಗುಡಿಸಲು ನೀನು ಹೋಗಬೇಡ, ಗಂಡ ಎನ್ನುವವನು ಇರುವುದು ಮತ್ತೇತಕ್ಕೆ? ನನ್ನ ಮಂಡಿ ಬಿಸಿನೀರಿನ ಕೊಳಕ್ಕೆ ಹೋದ ದಿನ ಮಾತು ಕೇಳುತ್ತದೆ, ಮರುದಿನ ಕೇಳುವುದಿಲ್ಲ. ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ.

ಸುದ್ದಿ ಏನೆಂದರೆ, ನಮ್ಮ ಅಮಾಲಿಯ ಹೋಟೆಲಿಗೆ ಬರುವ ವರ್ಷ ನೂರು ತುಂಬುತ್ತದೆ. ಹೊಸದಾಗಿ ಕೊಂಡ ವಿದೇಶಿಯರು ಸುಣ್ಣಬಣ್ಣ ಮಾಡಿಸಿ, ಅದರ ಚರಿತ್ರೆಯ ಪುಸ್ತಕವನ್ನೂ ತರುತ್ತಿದ್ದಾರೆ. ಬರೆಯುತ್ತಿರುವವನು ಸಾಬೊಲ್ಚ್ ಎಂಬ ಯುವಕ; ಹೋಟೆಲಿನ ಹಳೆಯ ಕೆಲಸದವರನ್ನು ಹುಡುಕಿಕೊಂಡು ನನ್ನ ಮನೆಗೂ ಬಂದು, ಗಸಗಸೆ ಹಾಕಿದ ಶಾವಿಗೆ ಎರಡು ತಟ್ಟೆ ತಿಂದ. ಕಟ್ಟಿಸಿದ ಬ್ಯಾರನ್ ಯಾರು, ಯಾವ ರಾಣಿ ಯಾವ ಕೋಣೆಯಲ್ಲಿ ಮಲಗಿದ್ದಳು, ಎಲ್ಲ ಅವನಿಗೆ ಬಾಯಿಪಾಠ. ನಲವತ್ತೈದರ ಮುತ್ತಿಗೆಯಲ್ಲಿ ನೃತ್ಯದ ಹಜಾರದಲ್ಲಿ ಕುದುರೆ ಕಟ್ಟಿದ್ದರೆಂದೂ, ಆಮೇಲೆ ಆ ಕುದುರೆಗಳನ್ನೇ ಊರು ತಿಂದಿತೆಂದೂ ಬರೆದಿದ್ದಾನೆ. ಸರ್ಕಾರ ಹೋಟೆಲನ್ನು ವಶಪಡಿಸಿಕೊಂಡು, ಗೊಂಚಲು ದೀಪದ ಕೆಳಗೆ ಎಲೆಕೋಸಿನ ಸಾರು ಬಡಿಸಿದ ಕಾಲವೂ ಇದೆ. ರಾಣಿಯ ಹಾಸಿಗೆ ಬಟ್ಟೆಗೆ ಇಸ್ತ್ರಿ ಮಾಡಿದವರು ಯಾರಪ್ಪ ಎಂದು ನಾನು ಕೇಳಿದ ಮೇಲೆ ನಮಗೂ ಒಂದು ಪುಟ ಸಿಕ್ಕಿತು.

ಆ ಪುಟಕ್ಕೆ ಇಸ್ತ್ರಿ ಕೋಣೆಯಲ್ಲಿ ನಾವಿಬ್ಬರೂ ನಿಂತಿರುವ ಫೋಟೊ. ಕೆಳಗೆ ನನ್ನ ಹೆಸರಿದೆ. ನಿನಗೆ ಬರೀ ‘ಜೊತೆ ಕೆಲಸಗಾರ್ತಿ’. ಅವನ ತಪ್ಪಲ್ಲ. ಒಂದೇ ಮನೆಯ ಇಬ್ಬರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲವಲ್ಲ. ಮದುವೆಯಾಗಿ ನನ್ನ ಮನೆತನದ ಹೆಸರು ಬದಲಾಗಿತ್ತು, ಆದರೆ ನಮ್ಮಲ್ಲಿ ಯಾವ ಅರ್ಜಿಯೂ ತಾಯಿಯ ಹೆಸರು ಕೇಳದೆ ಬಿಡುವುದಿಲ್ಲ. ನೀನು ಚಿಕ್ಕಮ್ಮ ಬೊರ್ಬಾಲಳ ಹೆಸರು ಬರೆದೆ. “ಹೆತ್ತೋಳು ನಾನು, ಹೆಸರು ಅವಳ್ದಾ?” ಎಂದು ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ನಾವು ಮೂರು ವರ್ಷ ಅಪರಿಚಿತರಂತೆ ನಟಿಸಿ, ಟ್ರಾಮ್ ಹತ್ತಿದ ಮೇಲೆ ಬಿದ್ದು ಬಿದ್ದು ನಗುತ್ತಿದ್ದೆವು.

ಐವತ್ತಾರರ ದಂಗೆಯಲ್ಲಿ ನೀನು ಗಡಿ ದಾಟಿದ ಮೇಲೆ ನಗು ನಿಂತಿತು. ಮೇಲ್ವಿಚಾರಕಿ ಗಿಜೆಲ್ಲಾ ಆಫೀಸಿಗೆ ಕರೆಸಿ, “ಓಡಿಹೋದ್ಲಲ್ಲ, ಅವಳು ನಿನಗೇನಾಗ್ಬೇಕು?” ಎಂದಳು. “ಏನೂ ಆಗ್ಬೇಕಿಲ್ಲ, ಮೇಡಂ” ಎಂದೆ. ಹಾಗೆಂದು ಬರೆದ ಕಾಗದಕ್ಕೆ ಸಹಿಯನ್ನೂ ಹಾಕಿದೆ. ಓಡಿಹೋದವರ ಮನೆಯವರನ್ನು ಕೆಲಸದಿಂದ ತೆಗೆಯುತ್ತಿದ್ದರು. ಆ ಸಹಿಯಿಂದ ಇನ್ನೂ ಮೂವತ್ತು ವರ್ಷ ನನ್ನ ಹೊಟ್ಟೆಪಾಡು ನಡೆಯಿತು. ಆ ಕಾಗದವೇ ಸಾಬೊಲ್ಚ್‌ಗೆ ಸಿಕ್ಕಿದ್ದು. ನಿನ್ನೆ ಹೋಗಿ, “ಅವಳು ನನ್ನ ಒಡಹುಟ್ಟಿದ ತಂಗಿ, ಹಾಗಂತ ಅಚ್ಚು ಹಾಕು” ಎಂದೆ. “ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ, ಎತೆಲ್ಕಮ್ಮ?” ಎಂದು ಕೇಳಿದ. ನಾಚಿಕೆಯಾಗಿ ಅಲ್ಲೇ ಅತ್ತುಬಿಟ್ಟೆ.

ನಿನ್ನ ಯಜಮಾನರಿಗೆ ನಮಸ್ಕಾರ, ಮಕ್ಕಳ ಹಣೆಗೆ ನನ್ನದೊಂದು ಮುತ್ತು.

ನಿನ್ನ ಅಕ್ಕ,
ಎತೆಲ್ಕ

ಲಕೋಟೆ ಅಂಟಿಸುವ ಮುಂಚೆ: ನಿಜವಾಗಿ ಇದಕ್ಕೇ ಬರೆಯಲು ಕುಳಿತದ್ದು. ಐವತ್ತೇಳರಲ್ಲಿ ನಿರಾಶ್ರಿತರ ಶಿಬಿರದಿಂದ ನೀನು ಹೋಟೆಲ್ ವಿಳಾಸಕ್ಕೆ ಬರೆದ ಮೊದಲ ಪತ್ರ ವಾಪಸು ಬಂತೆಂದು ಇಂದಿಗೂ ಸರ್ಕಾರವನ್ನು ಬೈಯುತ್ತೀಯ. ಸರ್ಕಾರ ಏನೇನೋ ಮಾಡಿತು, ಇದೊಂದನ್ನು ಮಾಡಲಿಲ್ಲ. ಗಿಜೆಲ್ಲಾ ನೋಡುತ್ತ ನಿಂತಿದ್ದಳು. ‘ಕಳಿಸಿದವರು ಗೊತ್ತಿಲ್ಲ’ ಎಂದು ಅದರ ಮೇಲೆ ಬರೆದದ್ದು ನಾನು. ಕೈಬರಹ ನಿನಗೆ ತಿಳಿಯದಿರಲೆಂದು ಅಚ್ಚಿನಂಥ ಅಕ್ಷರದಲ್ಲಿ ಬರೆದೆ. ಒಡೆದು ಓದಲೂ ಇಲ್ಲ. ಅದರಲ್ಲಿ ಏನು ಬರೆದಿದ್ದೆ, ಪಿರಿ? ನೆನಪಿರುವಷ್ಟನ್ನು ಮತ್ತೆ ಬರೆದು ಕಳಿಸು. ಈಗ ಓದುತ್ತೇನೆ.